ಬೀಟ್ ಹೋಲಿಕೆ, ಬೀಟ್ ಕಳವು: ಪದೇ ಪದೇ ಕೇಳುವ ಪ್ರಶ್ನೆಗಳು

ಬೀಟ್ ಕಟ್ಟುವವರು, ಬೀಟ್ ಕೊಂಡು ಹಾಡುವವರು, ಸುಮ್ಮನೆ ಕೇಳುವವರು, ಮೂರೂ ಕಡೆಯವರು ಮತ್ತೆ ಮತ್ತೆ ಕೇಳುವುದನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಬೀಟ್ ಎಂದಾಗ ಬರೀ ಡ್ರಮ್ ಎಂದುಕೊಳ್ಳಬೇಡಿ; ಹಾಡುವ ದನಿ ತೆಗೆದರೆ ಉಳಿಯುವ ಪೂರ್ತಿ ವಾದ್ಯಭಾಗಕ್ಕೆ ಇಲ್ಲಿ ಆ ಹೆಸರು. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಹೆಸರಾದ ತೀರ್ಪುಗಳು ಹೆಚ್ಚಾಗಿ ಅಮೆರಿಕ ಮತ್ತು ಯುರೋಪಿನವು, ಹಾಗಾಗಿ ಉದಾಹರಣೆಗಳೂ ಅಲ್ಲಿಯವೇ. ದೊಡ್ಡ ಮೊತ್ತದ ವ್ಯವಹಾರ ಇದ್ದರೆ ವಕೀಲರನ್ನು ಕೇಳದೆ ಮುಂದುವರಿಯಬೇಡಿ.

## ಮೊದಲು ಬರುವ ಪ್ರಶ್ನೆಗಳು

ಈಗಿನ ಹಾಡುಗಳ ಬೀಟ್ ಎಲ್ಲಾ ಒಂದೇ ಥರ ಇರುತ್ತಲ್ಲ, ಎಲ್ಲರೂ ಎಲ್ಲರದ್ದನ್ನೂ ಕದೀತಿದ್ದಾರಾ?

ಬಹುಪಾಲು ಇಲ್ಲ. ಒಂದು ಶೈಲಿಯೊಳಗೆ ಕೆಲಸ ಮಾಡುವವರೆಲ್ಲರ ಕೈಯಲ್ಲಿ ಒಂದೇ ಸಾಮಾನು ಇರುತ್ತದೆ. ರೋಲ್ಯಾಂಡ್ ಕಂಪನಿಯ ಟಿಆರ್-808 ಡ್ರಮ್ ಯಂತ್ರ 1980ರಲ್ಲಿ ಬಂತು, 1983ಕ್ಕೆ ತಯಾರಿಕೆ ನಿಂತಿತು. ತಯಾರಾದದ್ದು ಸುಮಾರು 12,000 ಅಷ್ಟೇ. ಆದರೆ ಗುಂಯ್ ಎಂದು ಉದ್ದಕ್ಕೆ ಎಳೆಯುವ ಅದರ ಕಿಕ್ (ದಪ್ಪ ಡ್ರಮ್ಮಿನ ಏಟು) ಇವತ್ತಿಗೂ ಲೆಕ್ಕವಿಲ್ಲದಷ್ಟು ಹಾಡುಗಳಲ್ಲಿ ಬೇಸ್‌ನ ಕೆಲಸ ಮಾಡುತ್ತಿದೆ. ಟ್ರ್ಯಾಪ್ ಎಂದರೆ ನಿಮಿಷಕ್ಕೆ 140 ಎಣಿಕೆಯ ಆಸುಪಾಸಿನ ಟೆಂಪೋ, ಕಿವಿಗೆ ಅದರ ಅರ್ಧ ವೇಗ, ಮೂರನೇ ಎಣಿಕೆಗೆ ಸ್ನೇರ್ (ಚುರುಕು ದನಿಯ ಡ್ರಮ್), ನಡುನಡುವೆ ಸಿಡಿಯುವ ಹೈ-ಹ್ಯಾಟ್ (ಜೋಡಿ ತಾಳ). ಹೌಸ್ ಎಂದರೆ ಪ್ರತಿ ಎಣಿಕೆಗೂ ಕಿಕ್. ಇವನ್ನು ತೆಗೆದುಬಿಟ್ಟರೆ ಆ ಶೈಲಿಗಳೇ ಇರುವುದಿಲ್ಲ. ಇವು ಎರಡು ಹಾಡಲ್ಲಿ ಒಂದೇ ಆಗಿದ್ದರೆ ಅದರಲ್ಲಿ ಹೇಳುವಂಥದ್ದೇನೂ ಇಲ್ಲ.

ಹಾಗೆಂದು ಕೇಳುಗರ ದೂರು ಪೂರ್ತಿ ಸುಳ್ಳೂ ಅಲ್ಲ. ಅದೇ ಸ್ಯಾಂಪಲ್ ಪ್ಯಾಕ್ (ಸಿದ್ಧ ಸದ್ದುಗಳ ಕಟ್ಟು), ಅದೇ ಪ್ರೀಸೆಟ್ (ವಾದ್ಯದ ಸಿದ್ಧ ದನಿ), ಅದೇ ಟ್ಯುಟೋರಿಯಲ್ ನೋಡಿ ಕಲಿತ ಮಿಕ್ಸಿಂಗ್. ಹೀಗಿರುವಾಗ ಯಾರೂ ಯಾರದನ್ನೂ ಮುಟ್ಟದೆಯೇ ಎಲ್ಲವೂ ಒಂದೇ ಥರ ಕೇಳಿಸುತ್ತದೆ. ಸೋಮಾರಿತನ ಎನ್ನಿ ಬೇಕಾದರೆ. ಕಳವು ಎನ್ನಲು ಬರುವುದಿಲ್ಲ.

ಒಂದು ಬೀಟ್‌ನಲ್ಲಿ ಒಬ್ಬರ ಸ್ವತ್ತು ಯಾವುದು, ಎಲ್ಲರದ್ದೂ ಯಾವುದು?

"ಎಷ್ಟು ತಗೊಂಡರು" ಎಂದು ಕೇಳುವ ಮೊದಲು "ಏನನ್ನು ತಗೊಂಡರು" ಎಂದು ಕೇಳಿ. ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ಬೀಟ್‌ನಲ್ಲಿ ಮೂರು ಪದರ ಇವೆ.

ಮೊದಲನೆಯದು ರೆಕಾರ್ಡಿಂಗ್. ಯಾರೋ ಒಂದು ದಿನ ಬಾರಿಸಿ, ಮೈಕ್ ಹಿಡಿದು ದಾಖಲಿಸಿದ ಆ ದನಿಯೇ ಇದು. ಇದಕ್ಕೆ ಮಾಲೀಕರು ಇದ್ದೇ ಇರುತ್ತಾರೆ, ಸಾಮಾನ್ಯವಾಗಿ ಲೇಬಲ್ (ರೆಕಾರ್ಡ್ ಕಂಪನಿ) ಅಥವಾ ರೆಕಾರ್ಡ್ ಮಾಡಿಸಿದವರು. ಎರಡನೆಯದು ಸಂಗೀತ ರಚನೆ: ಧಾಟಿ, ಬೇಸ್‌ಲೈನ್, ಗುರುತು ಹಿಡಿಯಬಲ್ಲ ರಿಫ್ (ಮರುಕಳಿಸುವ ಪುಟ್ಟ ಸ್ವರಗುಚ್ಛ). ಇದನ್ನು ನೀವೇ ಬೇರೆ ವಾದ್ಯದಲ್ಲಿ ನುಡಿಸಿದರೂ ರಚನೆ ಅವರದ್ದೇ. ಮೂರನೆಯದು ಶೈಲಿ: ಟೆಂಪೋ, ಲಯದ ನಡೆ, ವಾದ್ಯಗಳ ಆಯ್ಕೆ, ಬಳಕೆಯಲ್ಲಿರುವ ಸ್ವರಮೇಳ ಅಂದರೆ ಕಾರ್ಡ್‌ಗಳು. ಇದು ಎಲ್ಲರದ್ದೂ. 2024ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು ಎಡ್ ಶೀರನ್ ಪರ ತೀರ್ಪು ಕೊಟ್ಟದ್ದು ಇದೇ ನೆಲೆಯಲ್ಲಿ. ನಾಲ್ಕು ಕಾರ್ಡ್‌ಗಳ ಸಾಮಾನ್ಯ ಸರಣಿ, ಅದರ ಜೊತೆಗೆ ಸಾಮಾನ್ಯ ಲಯ, ಇವೆರಡನ್ನು ಕೂಡಿಸಿದ ಮಾತ್ರಕ್ಕೆ ಅದು ಒಬ್ಬರ ಸ್ವತ್ತಾಗುವುದಿಲ್ಲ ಎಂದಿತು.

ಆರು ಸೆಕೆಂಡ್‌ಗಿಂತ ಕಡಿಮೆ ತಗೊಂಡ್ರೆ ಪರವಾಗಿಲ್ಲ ಅಂತಾರೆ, ನಿಜಾನಾ?

ಇಲ್ಲ. ಆರು ಸೆಕೆಂಡ್, ಎಂಟು ಬಾರ್ (ತಾಳದ ಆವರ್ತ), ಮೂವತ್ತು ಪರ್ಸೆಂಟ್ ಬದಲಾವಣೆ, ಇವೆಲ್ಲ ಯಾವ ಕಾನೂನಿನಲ್ಲೂ ಬರೆದಿಲ್ಲದ ಲೆಕ್ಕಗಳು.

2005ರಲ್ಲಿ ಅಮೆರಿಕದಲ್ಲಿ ತೀರ್ಮಾನವಾದ ಬ್ರಿಡ್ಜ್‌ಪೋರ್ಟ್ ಪ್ರಕರಣ ನೋಡಿ. ಫಂಕಡೆಲಿಕ್ ತಂಡದ ಹಾಡಿನಿಂದ ತೆಗೆದದ್ದು ಎರಡು ಸೆಕೆಂಡಿನ ಗಿಟಾರ್ ತುಣುಕು. ಅದರ ಪಿಚ್ ಇಳಿಸಿ, ಲೂಪ್ ಮಾಡಿ (ಮತ್ತೆ ಮತ್ತೆ ಸುತ್ತುವಂತೆ ಜೋಡಿಸಿ), ಹದಿನಾರು ಎಣಿಕೆಗೆ ಎಳೆದು, ಹೊಸ ಹಾಡಿನ ಐದು ಕಡೆ ಹಾಕಿದ್ದರು. ನ್ಯಾಯಾಲಯ ಹೇಳಿದ್ದು ಚುಟುಕಾಗಿ: ಲೈಸೆನ್ಸ್ ತಗೊಳ್ಳಿ, ಇಲ್ಲವೇ ಸ್ಯಾಂಪಲ್ ಮಾಡಬೇಡಿ. ಅದೇ ದೇಶದ ಇನ್ನೊಂದು ಮೇಲ್ಮನವಿ ನ್ಯಾಯಾಲಯ 2016ರಲ್ಲಿ, ಮಡೋನಾ ಹಾಡಿನಲ್ಲಿದ್ದ 0.23 ಸೆಕೆಂಡಿನ ಹಾರ್ನ್ ಸದ್ದಿನ ವಿಷಯದಲ್ಲಿ, ಸಾಮಾನ್ಯ ಕೇಳುಗ ಗುರುತಿಸಲಾರದಷ್ಟು ಅಲ್ಪವಾದರೆ ಉಲ್ಲಂಘನೆ ಆಗದು ಎಂದಿತು. ಒಂದೇ ದೇಶದಲ್ಲಿ ಎರಡು ನ್ಯಾಯಾಲಯ, ಎರಡು ದಾರಿ. ಇಂಥ ಕಡೆ ಸೆಕೆಂಡ್ ಎಣಿಸಿಕೊಂಡು ಧೈರ್ಯ ತಂದುಕೊಳ್ಳುವುದು ದಡ್ಡತನ.

ಸ್ಯಾಂಪಲ್‌ಗೂ ಇಂಟರ್‌ಪೊಲೇಷನ್‌ಗೂ ಏನು ವ್ಯತ್ಯಾಸ?

ಹಳೆಯ ರೆಕಾರ್ಡಿಂಗನ್ನೇ ಕತ್ತರಿಸಿ ಹಾಕಿದರೆ ಸ್ಯಾಂಪಲ್. ಅದೇ ಧಾಟಿಯನ್ನು ನೀವು ಹೊಸದಾಗಿ ನುಡಿಸಿ ರೆಕಾರ್ಡ್ ಮಾಡಿದರೆ ಇಂಟರ್‌ಪೊಲೇಷನ್. ಮೊದಲನೆಯದಕ್ಕೆ ಎರಡು ಅನುಮತಿ ಬೇಕು, ರೆಕಾರ್ಡಿಂಗ್ ಮಾಲೀಕರದ್ದು ಮತ್ತು ರಚನೆಯ ಮಾಲೀಕರದ್ದು. ಎರಡನೆಯದಕ್ಕೆ ರಚನೆಯವರ ಅನುಮತಿ ಸಾಕು. ದೊಡ್ಡ ಪ್ರೊಡ್ಯೂಸರ್‌ಗಳು ಹಳೆಯ ಹಾಡನ್ನು ಸ್ಟುಡಿಯೋದಲ್ಲಿ ಮತ್ತೆ ನುಡಿಸಿಸುವುದರ ಹಿಂದೆ ಈ ಲೆಕ್ಕವೂ ಇದೆ.

## ಬೀಟ್ ಕಟ್ಟುವವರ ಪ್ರಶ್ನೆಗಳು

ಡ್ರಮ್ ಪ್ಯಾಟರ್ನ್ ಮೇಲೆ ಯಾರಾದ್ರೂ ಹಕ್ಕು ಹೇಳಬಹುದಾ?

ಕಿಕ್, ಸ್ನೇರ್, ಹ್ಯಾಟ್‌ಗಳ ಸಾಮಾನ್ಯ ಜೋಡಣೆಗೆ ಇಷ್ಟು ದಿನ ಯಾರೂ ಯಶಸ್ವಿಯಾಗಿ ಬೇಲಿ ಹಾಕಿಲ್ಲ ಎನ್ನುವುದು ಪ್ರೊಡ್ಯೂಸರ್‌ಗಳ ನಡುವಿನ ನಂಬಿಕೆ. ಆ ನಂಬಿಕೆಯನ್ನು ಅಲುಗಾಡಿಸುವ ಒಂದು ದಾವೆ 2021ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಹೂಡಲ್ಪಟ್ಟಿತು. ಜಮೈಕಾದ ಸ್ಟೀಲಿ ಮತ್ತು ಕ್ಲೀವಿ ಜೋಡಿ 1989ರಲ್ಲಿ ಮಾಡಿದ 'ಫಿಶ್ ಮಾರ್ಕೆಟ್' ಎಂಬ ವಾದ್ಯ ತುಣುಕಿನ ಲಯವೇ ಲ್ಯಾಟಿನ್ ಅಮೆರಿಕದ ಕುಣಿತದ ಸಂಗೀತವಾದ ಇಡೀ ರೆಗ್ಗೆಟೋನ್‌ನ ಬೆನ್ನೆಲುಬಾಗಿದೆ, ಅದಕ್ಕೆ ನಮಗೆ ಪಾಲು ಬರಬೇಕು ಎನ್ನುವುದು ವಾದ. ಪ್ರತಿವಾದಿಗಳ ಪಟ್ಟಿ ಬೆಳೆಯುತ್ತಾ ನೂರೈವತ್ತು ದಾಟಿತು.

ಅವರು ಹಕ್ಕು ಕೇಳುತ್ತಿರುವುದು ಏನಕ್ಕೆ ಎನ್ನುವುದನ್ನು ಹತ್ತಿರದಿಂದ ನೋಡಬೇಕು. "ದುಂ-ತ-ದುಂ-ತ" ನಮ್ಮದು ಎಂದು ಅವರು ಹೇಳುತ್ತಿಲ್ಲ. ಒಂದು ಬಾರ್‌ನ ಕಿಕ್-ಸ್ನೇರ್-ಹ್ಯಾಟ್ ಪ್ಯಾಟರ್ನ್, ಬಾರ್ ಪೂರ್ತಿ ನಡೆಯುವ ಟ್ಯಾಂಬೊರಿನ್, ಒಂದು ಮತ್ತು ಮೂರನೇ ಎಣಿಕೆಗೆ ಬೀಳುವ ಸಿಂಥ್ ಟಾಮ್, ಅದೇ ಟಾಮ್ ಜೊತೆ ಹೋಗುವ ಬಿ-ಫ್ಲ್ಯಾಟ್ ಬೇಸ್ ಸ್ವರ, ಪ್ರತಿ ಎರಡನೇ ಬಾರ್‌ನ ಕೊನೆಗೆ ಟಿಂಬಾಲೆಸ್ ಉರುಳಿಕೆ. ಬಿಡಿಬಿಡಿಯಾಗಿ ಎಲ್ಲವೂ ಸಾಮಾನ್ಯ, ಕೂಡಿಸಿದ ರೀತಿ ಮಾತ್ರ ನಮ್ಮದು ಎನ್ನುವುದು ಅವರ ನಿಲುವು. 2024ರಲ್ಲಿ ನ್ಯಾಯಾಧೀಶರು ಈ ದಾವೆಯನ್ನು ಆರಂಭದಲ್ಲೇ ವಜಾ ಮಾಡಲು ಒಪ್ಪಲಿಲ್ಲ. ವಿಚಾರ ಆಗಲಿ ಎಂದರು. ಗೆಲುವು ಎನ್ನಲು ಇಷ್ಟು ಸಾಲದು, ಬಾಗಿಲು ತೆರೆದಿದೆ ಅಷ್ಟೇ.

ನನ್ನ ಅಭಿಪ್ರಾಯ ಕೇಳಿದರೆ, ಆ ಜೋಡಿಗೆ ಹಣ ಬರಬೇಕಿತ್ತು ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಮೂವತ್ತು ವರ್ಷದಲ್ಲಿ ಒಂದು ಶೈಲಿಯಾಗಿ ಹರಡಿಹೋದ ಲಯಕ್ಕೆ ಈಗ ಗೇಟು ಹಾಕಿದರೆ ಪೆಟ್ಟು ಬೀಳುವುದು ದೊಡ್ಡ ಗಾಯಕರಿಗಿಂತ ಮನೆಯಲ್ಲಿ ಕೂತು ಬೀಟ್ ಮಾಡುವ ಹುಡುಗರಿಗೇ ಜಾಸ್ತಿ.

ಪ್ಯಾಕ್‌ನಿಂದ ದುಡ್ಡು ಕೊಟ್ಟು ತಂದ ಲೂಪ್ ಬೇರೆ ಹಾಡಲ್ಲೂ ಕೇಳಿಸ್ತಿದೆ. ನನ್ನದನ್ನ ಕದ್ರಾ?

ಕದ್ದಿಲ್ಲ, ಅವರೂ ನಿಮ್ಮ ಹಾಗೇ ತಂದಿದ್ದಾರೆ. ರಾಯಲ್ಟಿ-ಫ್ರೀ ಎಂದರೆ ಬಳಸಿದ್ದಕ್ಕೆ ಮತ್ತೆ ಮತ್ತೆ ಹಣ ಕೊಡಬೇಕಿಲ್ಲ ಎಂದು ಮಾತ್ರ. ನಿಮಗೊಬ್ಬರಿಗೇ ಮೀಸಲು ಎಂದು ಅಲ್ಲ. ಜಗತ್ತಿನಾದ್ಯಂತ ಗೆದ್ದ ರಿಹಾನಾ ಅವರ 2007ರ 'ಅಂಬ್ರೆಲಾ' ಹಾಡಿನ ಡ್ರಮ್ ಕೂಡ ಆಪಲ್‌ನ ಗ್ಯಾರೇಜ್‌ಬ್ಯಾಂಡ್ ಜೊತೆ ಸಿಗುತ್ತಿದ್ದ 'ವಿಂಟೇಜ್ ಫಂಕ್ ಕಿಟ್ 03' ಎಂಬ ಸಿದ್ಧ ಲೂಪ್. ಆ ಸಾಫ್ಟ್‌ವೇರ್ ಇದ್ದ ಯಾರ ಕಂಪ್ಯೂಟರಿನಲ್ಲೂ ಅದು ಇತ್ತು.

ಇದರಲ್ಲಿ ನಿಜವಾದ ತಲೆನೋವು ಬೇರೆ ಇದೆ. ಯೂಟ್ಯೂಬ್‌ನ ಕಂಟೆಂಟ್ ಐಡಿಯಂಥ, ಹಾಡುಗಳನ್ನು ತಾವೇ ಗುರುತಿಸುವ ಯಂತ್ರಗಳಿಗೆ ಲೂಪ್ ಯಾರದ್ದು ಎಂದು ಗೊತ್ತಾಗುವುದಿಲ್ಲ, ಯಾರು ಮೊದಲು ನೋಂದಾಯಿಸಿದರೋ ಅವರದ್ದು ಎಂದುಕೊಳ್ಳುತ್ತವೆ. ಯಾರೋ ಅದೇ ಲೂಪ್ ಇರುವ ಹಾಡನ್ನು ಅಲ್ಲಿ ಹಾಕಿದ್ದರೆ ನಿಮ್ಮ ಹಾಡಿಗೆ ಕ್ಲೇಮ್ ಬಂದು ಬೀಳುತ್ತದೆ. ಲೈಸೆನ್ಸ್ ರಸೀದಿ, ಪ್ಯಾಕ್‌ನ ಹೆಸರು, ಫೈಲ್‌ನ ಹೆಸರು ಇಟ್ಟುಕೊಂಡಿದ್ದರೆ ವಿವಾದ ಎತ್ತಿ ಬಿಡಿಸಿಕೊಳ್ಳಬಹುದು. ನೀವೂ ಸಹ, ಲೂಪನ್ನು ಇದ್ದ ಹಾಗೇ ಮುಖ್ಯ ಧಾಟಿಯಾಗಿ ಇಟ್ಟಿದ್ದರೆ, ಆ ಹಾಡನ್ನು ಕಂಟೆಂಟ್ ಐಡಿಗೆ ಹಾಕಬೇಡಿ. ಕತ್ತರಿಸಿ, ಸ್ವರ ಬದಲಿಸಿ, ಮೇಲೆ ನಿಮ್ಮದೊಂದು ಧಾಟಿ ನುಡಿಸಿ ಹಾಕುವುದು ಎಲ್ಲ ದೃಷ್ಟಿಯಿಂದಲೂ ಒಳ್ಳೆಯದು. ಹಾಡೂ ನಿಮ್ಮದಾಗಿ ಕೇಳಿಸುತ್ತದೆ.

ದೊಡ್ಡ ಗಾಯಕರ ಹೆಸರು ಹಾಕಿ 'ಟೈಪ್ ಬೀಟ್' ಮಾಡೋದು ತಪ್ಪಾ?

ಅವರ ಶೈಲಿಯಲ್ಲಿ ಬೀಟ್ ಮಾಡುವುದು ತಪ್ಪಲ್ಲ. ಶೈಲಿಗೆ ಮಾಲೀಕರಿಲ್ಲ, ಕಲಿಯುವವರು ಹೀಗೇ ಕಲಿಯುವುದು. ಎಡವುವುದು ಎರಡು ಕಡೆ. ಒಂದು, ಆ ಗಾಯಕರೇ ಇದರಲ್ಲಿ ಭಾಗಿ ಎನ್ನುವ ಹಾಗೆ ಹೆಸರು, ಫೋಟೋ ಬಳಸುವುದು. ಎರಡು, ಕೇಳಿ ಕಲಿಯಲು ತಂದ ಹಾಡು ಸಂಗೀತ ಸಾಫ್ಟ್‌ವೇರಿನ ಪ್ರಾಜೆಕ್ಟ್‌ನಲ್ಲೇ ಕೂತು, ಅದರ ಬೇಸ್‌ಲೈನ್ ಮೇಲೆ ನಿಮ್ಮ ಬೇಸ್‌ಲೈನ್ ಸ್ವರಕ್ಕೆ ಸ್ವರ ಏರಿ ನಿಲ್ಲುವುದು. ಶೈಲಿ ಎಂದು ಶುರುವಾದದ್ದು ರಚನೆಯ ಪದರಕ್ಕೆ ಜಾರುವುದು ಅಲ್ಲೇ. ಮೂಡ್ ಸಿಕ್ಕ ಮೇಲೆ ಆ ಹಾಡನ್ನು ಪ್ರಾಜೆಕ್ಟ್‌ನಿಂದ ತೆಗೆದುಬಿಡಿ.

ಆನ್‌ಲೈನ್‌ನಲ್ಲಿ ಬೀಟ್ ಕೊಂಡೆ. ಒಳಗೆ ಹೇಳದೆ ಹಾಕಿದ ಸ್ಯಾಂಪಲ್ ಇದ್ರೆ ಯಾರ ತಲೆಗೆ ಬರುತ್ತೆ?

ಹಾಡು ನಿಮ್ಮ ಹೆಸರಲ್ಲಿ ಹೊರಬಂದಿದ್ದರೆ ಮೊದಲು ನಿಮ್ಮ ಬಾಗಿಲಿಗೇ ಬರುತ್ತಾರೆ. "ನನಗೆ ಗೊತ್ತಿರಲಿಲ್ಲ" ಎನ್ನುವುದರಿಂದ ಪರಿಹಾರದ ಮೊತ್ತ ಕಡಿಮೆ ಆಗಬಹುದು, ಆದರೆ ಉಲ್ಲಂಘನೆ ಉಲ್ಲಂಘನೆಯೇ.

ಲಿಲ್ ನ್ಯಾಸ್ ಎಕ್ಸ್ ಅವರ 'ಓಲ್ಡ್ ಟೌನ್ ರೋಡ್' ಕಥೆ ಎಲ್ಲರಿಗೂ ಗೊತ್ತಿರಬೇಕಾದದ್ದು. ನೆದರ್ಲೆಂಡ್ಸ್‌ನ ಯಂಗ್‌ಕಿಯೊ ಎಂಬ ಪ್ರೊಡ್ಯೂಸರ್ ಮಾಡಿದ ಬೀಟನ್ನು ಲಿಲ್ ನ್ಯಾಸ್ ಎಕ್ಸ್, ಬೀಟ್ ಮಾರುವ ತಾಣವಾದ ಬೀಟ್‌ಸ್ಟಾರ್ಸ್‌ನಲ್ಲಿ 30 ಡಾಲರ್ ಕೊಟ್ಟು ಕೊಂಡರು. ಆ ಬೀಟ್‌ನ ಜೀವಾಳವಾದ ತಂತಿವಾದ್ಯದ ಧಾಟಿ ನೈನ್ ಇಂಚ್ ನೇಲ್ಸ್ ತಂಡದ 2008ರ ವಾದ್ಯ ತುಣುಕೊಂದರಿಂದ ತೆಗೆದ ಸ್ಯಾಂಪಲ್. 2019ರಲ್ಲಿ ಹಾಡು ಎಲ್ಲೆಡೆ ಹಬ್ಬಿ, ಬಿಲ್‌ಬೋರ್ಡ್ ಪಟ್ಟಿಯಲ್ಲಿ 19 ವಾರ ಮೊದಲ ಸ್ಥಾನದಲ್ಲಿ ನಿಂತಿತು. ಸ್ಯಾಂಪಲ್‌ಗೆ ಅನುಮತಿ ಪಡೆದು, ಆ ತಂಡದ ಟ್ರೆಂಟ್ ರೆಜ್ನರ್ ಮತ್ತು ಆಟಿಕಸ್ ರಾಸ್ ಅವರನ್ನು ರಚನಕಾರರೆಂದು ಸೇರಿಸಲಾಯಿತು. ಎಲ್ಲರೂ ಒಪ್ಪಿದ್ದರಿಂದ ಅದು ಸುಖಾಂತ್ಯ. ಒಪ್ಪದಿದ್ದರೆ ಹಾಡನ್ನೇ ಇಳಿಸಬೇಕಾಗುತ್ತಿತ್ತು.

ಕೊಳ್ಳುವ ಮೊದಲು ಬರಹದಲ್ಲಿ ಕೇಳಿ: ಇದರಲ್ಲಿ ಸ್ಯಾಂಪಲ್ ಇದೆಯೇ, ಲೂಪ್ ಎಲ್ಲಿಯದು, ಆಮೇಲೆ ತಕರಾರು ಬಂದರೆ ಹೊಣೆ ಯಾರದು. ಉತ್ತರ ತೇಲಿಸಿದರೆ ಆ ಬೀಟ್ ಬೇಡ. ಇನ್ನೊಂದು ಮಾತು. ನೀವು ಕೊಂಡದ್ದು ಲೀಸ್ (ಹಲವರಿಗೆ ಕೊಡುವ ಬಾಡಿಗೆ ಹಕ್ಕು) ಆಗಿದ್ದರೆ ಅದೇ ಬೀಟ್ ಮೇಲೆ ಬೇರೆ ಹತ್ತು ಜನ ಹಾಡಿರಬಹುದು, ಅದು ಒಪ್ಪಂದದಲ್ಲೇ ಇರುತ್ತದೆ. ಅವರ ಮೇಲೆ ರೇಗಬೇಡಿ.

ಪಿಚ್ ಏರಿಸಿ, ಹಿಂದುಮುಂದು ಮಾಡಿ ಹಾಕಿದ್ರೆ ಸ್ಯಾಂಪಲ್ ನಮ್ಮದೇ ಆಗಲ್ವಾ?

ಯುರೋಪಿನಲ್ಲಿ ಈ ಪ್ರಶ್ನೆಗೆ ಉತ್ತರ ಇದೆ, ಅದೂ ಡ್ರಮ್ ಸದ್ದಿನ ಮೇಲೆಯೇ. ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ 1977ರ 'ಮೆಟಾಲ್ ಔಫ್ ಮೆಟಾಲ್'ನಿಂದ ಎರಡು ಸೆಕೆಂಡಿನಷ್ಟು ಲಯದ ತುಣುಕನ್ನು 1997ರ ಒಂದು ರ್‍ಯಾಪ್ ಹಾಡಿನ ಕೆಳಗೆ ಲೂಪ್ ಮಾಡಲಾಗಿತ್ತು. ವರ್ಷಗಟ್ಟಲೆ ಕೋರ್ಟ್ ಕಟ್ಟೆ ಹತ್ತಿದ ವಿಷಯ 2019ರ ಜುಲೈನಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯಕ್ಕೆ ಬಂದಾಗ ಅದು ಎರಡು ಮಾತು ಹೇಳಿತು. ತುಣುಕು ಎಷ್ಟೇ ಚಿಕ್ಕದಾದರೂ ರೆಕಾರ್ಡಿಂಗ್‌ನ ಮಾಲೀಕರು ತಡೆಯಬಹುದು. ಆದರೆ ಕಿವಿಗೆ ಗುರುತೇ ಸಿಗದ ಹಾಗೆ ಮಾರ್ಪಡಿಸಿ ಬಳಸಿದರೆ ಅದು ನಕಲು ಎನಿಸುವುದಿಲ್ಲ.

ಅಂದರೆ ಗುರುತು ಹಿಡಿಯಲಾಗದಂತೆ ಬದಲಾಯಿಸುವುದು ಅಲ್ಲಿ ಒಪ್ಪಿತ. ಆದರೆ ಹಾಗೆ ಬದಲಾಯಿಸಿದ ಮೇಲೆ ಆ ಸ್ಯಾಂಪಲ್ ಹಾಕಿದ ಉದ್ದೇಶವೇ ಉಳಿಯುತ್ತದೆಯೇ ಎನ್ನುವುದು ಬೇರೆ ಮಾತು. ಗುರುತು ಸಿಗಲಿ ಎಂದೇ ಹಳೆಯ ಹಾಡಿನ ತುಣುಕು ಹಾಕುವವರು ಹೆಚ್ಚು. ಎರಡು ಸೆಮಿಟೋನ್ ಏರಿಸಿ "ಬದಲಾಯಿಸಿದೆ" ಎನ್ನುವುದು ಎಲ್ಲೂ ನಡೆಯುವುದಿಲ್ಲ. ಬೆರಳಚ್ಚಿನಂತೆ ಹಾಡನ್ನು ಗುರುತಿಸುವ ಸಾಫ್ಟ್‌ವೇರ್‌ಗಳು ಅಷ್ಟು ಬದಲಾವಣೆಯನ್ನು ದಾಟಿ ಹಿಡಿಯುತ್ತವೆ. ಅವು ಬಿಟ್ಟದ್ದನ್ನು ಹಳೆಯ ರೆಕಾರ್ಡ್‌ಗಳ ಹುಚ್ಚಿರುವ ಕೇಳುಗರು ಹಿಡಿಯುತ್ತಾರೆ.

ಅನುಮತಿ ಕೇಳಿದ್ರೆ ಕೊಡ್ತಾರಾ? ಬಿಡುಗಡೆ ಆದ್ಮೇಲೆ ಕೇಳಬಹುದಾ?

ಕೊಡಲೇಬೇಕೆಂದಿಲ್ಲ. ಹಾಡನ್ನು ಪೂರ್ತಿ ಮತ್ತೆ ಹಾಡುವುದಕ್ಕೆ ಎಷ್ಟೋ ದೇಶಗಳಲ್ಲಿ ನಿಗದಿತ ಶುಲ್ಕದ ವ್ಯವಸ್ಥೆ ಇದೆ, ಸ್ಯಾಂಪಲ್‌ಗೆ ಅಂಥದ್ದಿಲ್ಲ. ಇಲ್ಲ ಎಂದರೆ ಇಲ್ಲ. ಬಿಡುಗಡೆ ಆದಮೇಲೆ ಕೇಳಿದರೆ ಚೌಕಾಸಿ ಮಾಡುವ ಬಲ ಪೂರ್ತಿ ಅವರ ಕಡೆ ಹೋಗಿರುತ್ತದೆ. 1991ರಲ್ಲಿ ಅಮೆರಿಕದ ರ್‍ಯಾಪರ್ ಬಿಜ್ ಮಾರ್ಕಿ ಪ್ರಕರಣದಲ್ಲಿ ಅನುಮತಿ ಕೇಳಿ, ಸಿಗದೆ, ಆದರೂ ಹಾಡು ಹೊರತಂದಿದ್ದರು. ನ್ಯಾಯಾಧೀಶರು ತೀರ್ಪನ್ನು ಬೈಬಲ್ಲಿನ "ಕದಿಯಬಾರದು" ಎಂಬ ಆಜ್ಞೆಯಿಂದ ಶುರುಮಾಡಿ, ಕ್ರಿಮಿನಲ್ ವಿಚಾರಣೆ ಆಗಬೇಕೇ ನೋಡಿ ಎಂದು ಸರ್ಕಾರಿ ವಕೀಲರಿಗೂ ಕಳಿಸಿದರು. ಅದಾದ ಮೇಲೆ ಹಿಪ್-ಹಾಪ್ ಬೀಟ್‌ಗಳ ರೂಪವೇ ಬದಲಾಯಿತು. ಒಂದು ಹಾಡಿಗೆ ಹತ್ತಾರು ಸ್ಯಾಂಪಲ್ ಪೇರಿಸುವುದು ದುಬಾರಿಯಾಗಿ, ಒಂದೆರಡಕ್ಕೆ ಇಳಿಯಿತು.

ಡಿ ಲಾ ಸೋಲ್ ತಂಡದ 1989ರ ಮೊದಲ ಆಲ್ಬಮ್ ಸ್ಟ್ರೀಮಿಂಗ್‌ಗೆ ಬಂದದ್ದು 2023ರಲ್ಲಿ. ಅಷ್ಟು ವರ್ಷ ತಡವಾದದ್ದಕ್ಕೆ ಮುಖ್ಯ ಕಾರಣ ಸ್ಯಾಂಪಲ್‌ಗಳ ಹಕ್ಕಿನ ಗೋಜಲು.

ನನಗೇ ಗೊತ್ತಿಲ್ಲದೆ ಯಾರದೋ ಧಾಟಿ ಬಂದುಬಿಟ್ಟಿದ್ರೆ?

ಆಗುತ್ತದೆ, ಎಲ್ಲರಿಗೂ. 1976ರಲ್ಲಿ ಬೀಟಲ್ಸ್ ತಂಡದಲ್ಲಿದ್ದ ಜಾರ್ಜ್ ಹ್ಯಾರಿಸನ್ ವಿರುದ್ಧ ಬಂದ ತೀರ್ಪಿನಲ್ಲಿ ನ್ಯಾಯಾಧೀಶರು, ಅವರು ಬೇಕೆಂದು ಕದ್ದಿಲ್ಲ, ಒಳಮನಸ್ಸಿನಲ್ಲಿ ಉಳಿದಿದ್ದ ಧಾಟಿ ಹೊರಬಂದಿದೆ, ಆದರೂ ಅದು ಉಲ್ಲಂಘನೆಯೇ ಎಂದರು. ಧಾಟಿ ತಡವರಿಸದೆ, ಒಂದೇ ಏಟಿಗೆ, ಪೂರ್ತಿಯಾಗಿ ಬಂದರೆ ನಾನಂತೂ ಮೊದಲು ಅನುಮಾನಪಡುತ್ತೇನೆ. ಗುನುಗಿದರೆ ಹಾಡು ಹುಡುಕಿಕೊಡುವ ಆ್ಯಪ್‌ಗಳಿಗೆ ಗುನುಗಿ ನೋಡಿ. ನಿಮಗಿಂತ ಹತ್ತು ವರ್ಷ ದೊಡ್ಡವರೊಬ್ಬರಿಗೂ ಕೇಳಿಸಿ. ನಿಮ್ಮ ಓರಗೆಯವರು ಕೇಳಿರುವ ಹಾಡುಗಳನ್ನೇ ನೀವೂ ಕೇಳಿರುತ್ತೀರಿ.

## ತಕರಾರು ಬಂದಾಗ

ಎರಡು ಬೀಟ್ ನಿಜವಾಗಿ ಒಂದೇನಾ, ಬರೀ ಹೋಲಿಕೆನಾ ಅಂತ ನಾನೇ ಪರೀಕ್ಷಿಸೋದು ಹೇಗೆ?

ಎರಡನ್ನೂ ಒಂದೇ ಪ್ರಾಜೆಕ್ಟ್‌ಗೆ ತನ್ನಿ. ಮೊದಲು ಟೆಂಪೋ, ಶ್ರುತಿ ಒಂದೇ ಮಾಡಿ. ಆಮೇಲೆ ಹಾಡುವ ದನಿ ಇಲ್ಲದ, ಆದಷ್ಟು ಖಾಲಿ ಇರುವ ಜಾಗ ಹುಡುಕಿ, ಒಂದೇ ಒಂದು ಸ್ನೇರ್ ಏಟನ್ನು ಎರಡರಿಂದಲೂ ಕತ್ತರಿಸಿ. ಅಲೆಯ ಮೊದಲ ಏರು ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಹೊಂದಿಸಿ, ಒಂದರ ಪೊಲಾರಿಟಿ ತಿರುಗಿಸಿ (ಅಲೆ ತಲೆಕೆಳಗಾಗುವಂತೆ) ಒಟ್ಟಿಗೆ ನುಡಿಸಿ. ಸದ್ದು ದಿಢೀರನೆ ಕುಸಿದರೆ ಎರಡೂ ಒಂದೇ ಫೈಲ್‌ನಿಂದ ಬಂದಿವೆ. ಕುಸಿಯದಿದ್ದರೆ ಬೇರೆ ಬೇರೆ ಎಂದು ತೀರ್ಮಾನಿಸಬೇಡಿ. ಟೆಂಪೋ ಎಳೆದದ್ದು, ಇಕ್ಯೂ (ದನಿಯ ಬಣ್ಣ ತಿದ್ದುವುದು), ಕಂಪ್ರೆಸರ್ (ಸದ್ದಿನ ಏರಿಳಿತ ತಗ್ಗಿಸುವುದು) ಎಲ್ಲವೂ ಅಲೆಯ ಆಕಾರ ಕೆಡಿಸುತ್ತವೆ. ಈ ಪರೀಕ್ಷೆ "ಹೌದು" ಎಂದಾಗ ನಂಬಬಹುದು, "ಇಲ್ಲ" ಎಂದಾಗ ಅಲ್ಲ.

ಲೂಪ್ ಮನುಷ್ಯ ಬಾರಿಸಿದ್ದಾದರೆ ಇನ್ನೂ ಒಳ್ಳೆಯ ಸಾಕ್ಷಿ ಇದೆ. ದಿ ವಿನ್‌ಸ್ಟನ್ಸ್ ತಂಡದ 1969ರ 'ಆಮೆನ್, ಬ್ರದರ್'ನಲ್ಲಿ ಗ್ರೆಗೊರಿ ಕೋಲ್ಮನ್ ಬಾರಿಸಿದ ನಾಲ್ಕು ಬಾರ್‌ಗಳ ಡ್ರಮ್ ತುಣುಕು ಸಂಗೀತದಲ್ಲೇ ಅತಿ ಹೆಚ್ಚು ಸ್ಯಾಂಪಲ್ ಆದವುಗಳಲ್ಲಿ ಒಂದು. ಮೊದಲೆರಡು ಬಾರ್ ಒಂದೇ ನಡೆ. ಮೂರನೆಯದರಲ್ಲಿ ಸ್ನೇರ್ ಏಟೊಂದು ತಡವಾಗಿ ಬರುತ್ತದೆ. ನಾಲ್ಕನೆಯದರ ಮೊದಲ ಎಣಿಕೆ ಖಾಲಿ, ಆಮೇಲೆ ನಿರೀಕ್ಷೆಗಿಂತ ಮುಂಚೆಯೇ ಕ್ರ್ಯಾಶ್ ತಾಳದ ಸದ್ದು. ಇದರ ಜೊತೆಗೆ ಪ್ರತಿ ಏಟೂ ಲೆಕ್ಕದ ಗೆರೆಯಿಂದ ಒಂದಿಷ್ಟು ಮಿಲಿಸೆಕೆಂಡ್ ಆಚೀಚೆ. ಅದೇ ತಾಳವನ್ನು ಬೇರೆ ಯಾರು ಬಾರಿಸಿದರೂ ಆ ಮಿಲಿಸೆಕೆಂಡ್‌ಗಳ ಹಂಚಿಕೆ ಹಾಗೆಯೇ ಬರುವುದಿಲ್ಲ. ಏಟಿನಿಂದ ಏಟಿಗೆ ಇರುವ ಅಂತರ ಅಳೆದು ಎರಡು ಪಟ್ಟಿ ಪಕ್ಕಪಕ್ಕ ಇಟ್ಟರೆ ವಿಷಯ ತಾನೇ ಹೇಳುತ್ತದೆ.

ಯಂತ್ರದಲ್ಲಿ ಗ್ರಿಡ್‌ಗೆ ಕೂರಿಸಿದ ಡ್ರಮ್‌ನಲ್ಲಿ ಈ ಸಾಕ್ಷಿ ಸಿಗುವುದಿಲ್ಲ. ಅಲ್ಲಿ ನೋಡಬೇಕಾದದ್ದು ಧಾಟಿ, ಬೇಸ್‌ಲೈನ್, ಮತ್ತು ಯಾರೂ ಬೇಕೆಂದು ಮಾಡದ ವಿಚಿತ್ರಗಳು: ತಪ್ಪಿ ಬಿದ್ದ ಒಂದು ಹ್ಯಾಟ್, ಹದಿನಾರನೇ ಬಾರ್‌ನಲ್ಲಿ ಮಾತ್ರ ಬರುವ ಕ್ಲಿಕ್. ಸುಂದರ ಭಾಗಗಳು ಇಬ್ಬರಿಗೂ ಹೊಳೆಯಬಹುದು. ಒಂದೇ ತಪ್ಪು ಒಂದೇ ಜಾಗದಲ್ಲಿ ಇಬ್ಬರಿಗೂ ಆಗುವುದು ಅಪರೂಪ.

ಕೋರ್ಟ್‌ನಲ್ಲಿ ಹೋಲಿಕೆ ಹೇಗೆ ಅಳೀತಾರೆ? ಕೇಳಿದ್ರೆ ಒಂದೇ ಅನ್ಸಿದ್ರೆ ಸಾಕಾ?

ಸಾಲದು. ಸಾಮಾನ್ಯವಾಗಿ ಎರಡು ತೋರಿಸಬೇಕು: ಆರೋಪಿಗೆ ಮೂಲ ಕೇಳಲು ಅವಕಾಶ ಇತ್ತು, ಮತ್ತು ರಕ್ಷಣೆ ಇರುವ ಭಾಗದಲ್ಲೇ ಗಣನೀಯ ಹೋಲಿಕೆ ಇದೆ. ಎರಡನೆಯದರಲ್ಲೇ ಎಲ್ಲರೂ ಜಾರುವುದು.

ಬೀಟ್ ಮಾಡುವವರು ತಿಳಿದಿರಬೇಕಾದ ಪ್ರಕರಣ ಕೇಟಿ ಪೆರಿಯ 'ಡಾರ್ಕ್ ಹಾರ್ಸ್'. ಜಗಳ ಹಾಡಿನ ಸಾಲಿಗೆ ಇರಲಿಲ್ಲ, ಕೆಳಗೆ ತಿರುಗುವ ಎಂಟು ಸ್ವರದ ಸಿಂಥ್ ಧಾಟಿಗೆ. ಅದು ತನ್ನ 'ಜಾಯ್‌ಫುಲ್ ನಾಯ್ಸ್' ಹಾಡಿನದು ಎನ್ನುವುದು ಫ್ಲೇಮ್ ಎಂಬ ರ್‍ಯಾಪರ್ ದೂರು. ಸರಿಗಮದಲ್ಲಿ ಹೇಳುವುದಾದರೆ ಎರಡೂ ಹಾಡಿನಲ್ಲಿ "ಗ ಗ ಗ ಗ ರಿ ರಿ" ಎಂದು ಸಮ ಅಂತರದಲ್ಲಿ ಇಳಿದು, ಕೊನೆಗೆ ಬೇರೆಯಾಗುತ್ತದೆ. 2019ರಲ್ಲಿ ಜ್ಯೂರಿ 27.8 ಲಕ್ಷ ಡಾಲರ್ ಪರಿಹಾರ ಕೊಡಿಸಿತು. ಮರುವರ್ಷ ನ್ಯಾಯಾಧೀಶರು ಅದನ್ನು ರದ್ದುಮಾಡಿದರು, 2022ರಲ್ಲಿ ಮೇಲಿನ ನ್ಯಾಯಾಲಯವೂ ಒಪ್ಪಿತು. ಇದಕ್ಕೆ ಹಕ್ಕು ಕೊಟ್ಟರೆ ಎರಡು ಸ್ವರಗಳ ಜೋಡಿಯನ್ನೋ ಮೈನರ್ ಸ್ಕೇಲನ್ನೋ ಒಬ್ಬರಿಗೆ ಬರೆದುಕೊಟ್ಟಂತೆ ಎನ್ನುವುದು ಅವರ ಕಾರಣ. ಜ್ಯೂರಿಯ ಕಿವಿಗೆ ಒಂದೇ ಎನಿಸಿದ್ದು ಕಾನೂನಿನ ಜರಡಿಯಲ್ಲಿ ನಿಲ್ಲಲಿಲ್ಲ.

ಇದಕ್ಕೆ ತಿರುವುಮುರುವು ರಾಬಿನ್ ಥಿಕ್ ಹಾಡಿದ 'ಬ್ಲರ್ಡ್ ಲೈನ್ಸ್'. ಮಾರ್ವಿನ್ ಗೇ ಅವರ 1977ರ ಹಾಡನ್ನು ಹೋಲುತ್ತದೆ ಎಂದು 2015ರಲ್ಲಿ ಜ್ಯೂರಿ ತೀರ್ಮಾನಿಸಿತು. ಆರಂಭದ ಮೊತ್ತ ಸುಮಾರು 74 ಲಕ್ಷ ಡಾಲರ್, ಆಮೇಲೆ 53 ಲಕ್ಷಕ್ಕೆ ಇಳಿಯಿತು. 2018ರಲ್ಲಿ ಮೇಲ್ಮನವಿಯಲ್ಲೂ ನಿಂತಿತು. ಆ ಪೀಠದಲ್ಲಿ ಒಬ್ಬ ನ್ಯಾಯಾಧೀಶರು ಭಿನ್ನಮತ ಬರೆದು, ಇದು ಶೈಲಿಗೇ ಹಕ್ಕು ಕೊಟ್ಟ ಹಾಗಾಯಿತು ಎಂದರು. ನನಗೆ ಆ ಭಿನ್ನಮತವೇ ಸರಿ ಎನಿಸುತ್ತದೆ. ಆ ತೀರ್ಪಿನ ನಂತರ ಸಣ್ಣ ಹೋಲಿಕೆ ಕಂಡರೂ ಮೊದಲೇ ಹಳೆಯ ರಚನಕಾರರ ಹೆಸರು ಸೇರಿಸುವ ರೂಢಿ ಹೆಚ್ಚಿತು.

ನನ್ನ ಬೀಟ್ ಕದ್ದಿದ್ದಾರೆ, ಖಚಿತ. ಈಗ ಏನ್ ಮಾಡ್ಲಿ?

ಮೊದಲು ಪೋಸ್ಟ್ ಹಾಕಬೇಡಿ. ಹೆಸರು ಹಿಡಿದು "ಕಳ್ಳ" ಎಂದು ಬರೆದ ಮೇಲೆ ಅದು ಇಬ್ಬರೂ ಕೊಂಡ ಒಂದೇ ಲೂಪ್ ಎಂದು ಗೊತ್ತಾದರೆ ಮಾನನಷ್ಟದ ನೋಟಿಸ್ ನಿಮಗೇ ಬರುತ್ತದೆ. ನಿಮ್ಮ ಬೀಟ್‌ನಲ್ಲಿ ಯಾವ ಭಾಗ ನೀವೇ ಮಾಡಿದ್ದು, ಯಾವುದು ಪ್ಯಾಕ್‌ನದು ಎಂದು ಪಟ್ಟಿ ಮಾಡಿ. ಹೋಲಿಕೆ ಎರಡನೆಯ ಗುಂಪಿನಲ್ಲೇ ಇದ್ದರೆ ಅಲ್ಲಿಗೆ ಬಿಟ್ಟುಬಿಡಿ.

ನೀವೇ ಮಾಡಿದ ಭಾಗದಲ್ಲೇ ಇದ್ದರೆ ಪ್ರಾಜೆಕ್ಟ್ ಫೈಲ್‌ನ ಪ್ರತಿ ತೆಗೆದಿಟ್ಟು ಮೂಲವನ್ನು ಮತ್ತೆ ಸೇವ್ ಮಾಡದೆ ಬಿಡಿ, ದಿನಾಂಕ ಬದಲಾಗುತ್ತದೆ. ಅಪ್‌ಲೋಡ್ ಮಾಡಿದ ದಿನ, ಯಾರಿಗೆ ಇ-ಮೇಲ್‌ನಲ್ಲಿ ಕಳಿಸಿದ್ದಿರಿ, ಯಾರು ಡೌನ್‌ಲೋಡ್ ಮಾಡಿದ್ದರು ಎನ್ನುವುದು ಅವರು ಕೇಳಿದ್ದರು ಎನ್ನುವುದಕ್ಕೆ ಆಧಾರ. ಬಳಿಕ ಆ ಪ್ರೊಡ್ಯೂಸರ್‌ಗೆ ಸೌಮ್ಯವಾಗಿ ಬರೆಯಿರಿ. ಹೆಸರು ಮತ್ತು ಪಾಲು ಕೊಟ್ಟು ಮುಗಿಸುವವರೇ ಹೆಚ್ಚು. ಬಗ್ಗದಿದ್ದರೆ ವೇದಿಕೆಗೆ ತೆಗೆದುಹಾಕುವ ನೋಟಿಸ್, ಅದರಾಚೆ ವಕೀಲರು. ಅಮೆರಿಕದಲ್ಲಿ ಅಲ್ಲಿಯ ಕೃತಿಗಳಿಗೆ ದಾವೆ ಹೂಡುವ ಮೊದಲು ಕೃತಿ ನೋಂದಣಿ ಆಗಿರಬೇಕು. ಸೀಡಿಯನ್ನು ನಿಮ್ಮ ವಿಳಾಸಕ್ಕೇ ಅಂಚೆಯಲ್ಲಿ ಕಳಿಸಿ ಮೊಹರು ಒಡೆಯದೆ ಇಟ್ಟುಕೊಳ್ಳುವ ಹಳೆಯ ಉಪಾಯ ನೋಂದಣಿಯ ಬದಲಿಗೆ ನಡೆಯುವುದಿಲ್ಲ.

## ಇನ್ನೂ ಆಳಕ್ಕೆ ಇಳಿದರೆ

ಒಂದೇ ಬೀಟ್ ಮೇಲೆ ನೂರಾರು ಹಾಡು ಮಾಡೋ ಪದ್ಧತಿ ಇದೆಯಂತೆ, ಅಲ್ಲಿ ಇದೆಲ್ಲ ಜಗಳ ಇಲ್ವಾ?

ಜಮೈಕಾದ ರಿಡಿಮ್ ಪದ್ಧತಿ. ಅಲ್ಲಿ ವಾದ್ಯಭಾಗಕ್ಕೇ ಸ್ವಂತ ಹೆಸರು ಇರುತ್ತದೆ, ಅದರ ಮೇಲೆ ಬೇರೆ ಬೇರೆ ಗಾಯಕರು ತಮ್ಮ ಹಾಡು ಹಾಡುತ್ತಾರೆ. ಹೆಸರಾಂತ 'ಸ್ಲೆಂಗ್ ಟೆಂಗ್' 1985ರದು, ಗಾಯಕ ವೇಯ್ನ್ ಸ್ಮಿತ್, ಪ್ರೊಡ್ಯೂಸರ್ ಕಿಂಗ್ ಜಾಮಿ. ಅದರ ಬುಡ ನೋಡಿದರೆ ಕ್ಯಾಸಿಯೊ ಎಂಟಿ-40 ಎಂಬ ಪುಟ್ಟ ಕೀಬೋರ್ಡ್‌ನಲ್ಲಿದ್ದ ಸಿದ್ಧ 'ರಾಕ್' ಲಯವನ್ನೇ ವೇಗ ಇಳಿಸಿ ಬಳಸಿದ್ದು. ಆ ಲಯವನ್ನು ಮಾಡಿದವರು ಜಪಾನಿನಲ್ಲಿ ಕ್ಯಾಸಿಯೊದಲ್ಲಿ ಕೆಲಸಕ್ಕಿದ್ದ ಒಕುಡಾ ಹಿರೊಕೊ ಎಂಬ ಮಹಿಳೆ. ಹಂಚಿ ಬಳಸುವುದು ಆ ಪದ್ಧತಿಯ ಉಸಿರು. ಆದರೆ ಜಗಳವೇ ಇಲ್ಲ ಎನ್ನಲಾಗದು. ರೆಗ್ಗೆಟೋನ್ ಲಯದ ಮೇಲೆ ದಾವೆ ಹೂಡಿದವರೂ ಇದೇ ನಾಡಿನವರು. ಊರೊಳಗೆ ಹಂಚಿಕೊಂಡದ್ದು ಹೊರಗೆ ಹೋಗಿ ಕೋಟಿಗಟ್ಟಲೆ ಹಣ ತಂದಾಗ ಲೆಕ್ಕ ಬೇರೆಯಾಗುತ್ತದೆ.

ಅಷ್ಟು ಸ್ಯಾಂಪಲ್ ಆದ ಡ್ರಮ್ ಬಾರಿಸಿದವರಿಗೆ ದುಡ್ಡು ಬಂತಾ?

ಬರಲಿಲ್ಲ. ಆಮೆನ್ ತುಣುಕು ಬಾರಿಸಿದ ಕೋಲ್ಮನ್ ಒಂದು ಪೈಸೆ ರಾಯಧನ ಕಾಣದೆ 2006ರಲ್ಲಿ ಮನೆಮಠ ಇಲ್ಲದ ಸ್ಥಿತಿಯಲ್ಲಿ ತೀರಿಕೊಂಡರು. 2015ರಲ್ಲಿ ಸಂಗೀತಪ್ರಿಯರು ಚಂದಾ ಎತ್ತಿ ತಂಡದ ನಾಯಕ ರಿಚರ್ಡ್ ಸ್ಪೆನ್ಸರ್ ಅವರಿಗೆ ಸುಮಾರು 24,000 ಪೌಂಡ್ ಕೊಟ್ಟರು. ಜೇಮ್ಸ್ ಬ್ರೌನ್ ತಂಡದ 'ಫಂಕಿ ಡ್ರಮ್ಮರ್' ಬಾರಿಸಿದ ಕ್ಲೈಡ್ ಸ್ಟಬಲ್‌ಫೀಲ್ಡ್ 2017ರಲ್ಲಿ ತೀರಿಕೊಂಡರು. ಅವರ ಏಟುಗಳೂ ಅಷ್ಟೇ ಸ್ಯಾಂಪಲ್ ಆದವು, ರಚನಕಾರರ ಪಟ್ಟಿಯಲ್ಲಿ ಮಾತ್ರ ಅವರ ಹೆಸರಿರಲಿಲ್ಲ. ಕಾನೂನು ಹಾಡು ಬರೆದವರನ್ನೂ ರೆಕಾರ್ಡಿಂಗ್ ಮಾಲೀಕರನ್ನೂ ಗುರುತಿಸುತ್ತದೆ. ಕೂಲಿಗೆ ಬಂದು ಬಾರಿಸಿ ಹೋದವರು ಎರಡರ ನಡುವೆ ಬಿದ್ದುಹೋಗುತ್ತಾರೆ. ಅನುಮತಿ ಪತ್ರ ಸರಿಯಾಗಿದ್ದರೂ ಆ ಲೂಪ್‌ನ ಹಣ ಬಾರಿಸಿದವರಿಗೆ ಮುಟ್ಟುತ್ತದೆ ಎಂದುಕೊಳ್ಳಬೇಡಿ. ನೀವು ಸ್ಟುಡಿಯೋಗೆ ಡ್ರಮ್ಮರ್ ಕರೆಸುವಾಗ ಅವರಿಗೆ ರಚನೆಯಲ್ಲಿ ಪಾಲು ಇದೆಯೋ ಇಲ್ಲವೋ ಅಂದೇ ಬರೆದುಕೊಳ್ಳಿ.

ಎಐಗೆ ಹೇಳಿ ಮಾಡಿಸಿದ ಬೀಟ್ ಬೇರೆ ಹಾಡಿನ ಥರ ಇದ್ರೆ?

ಅದು ಏನನ್ನು ಕೇಳಿ ಕಲಿತಿದೆ ಎನ್ನುವುದು ಬಳಸುವ ನಿಮಗೆ ಕಾಣುವುದಿಲ್ಲ. ದೊಡ್ಡ ರೆಕಾರ್ಡ್ ಕಂಪನಿಗಳು 2024ರ ಜೂನ್‌ನಲ್ಲಿ ಹೇಳಿದಂತೆ ಹಾಡು ಮಾಡಿಕೊಡುವ ಎಐ ಕಂಪನಿಗಳಾದ ಸುನೊ ಮತ್ತು ಯುಡಿಯೊ ಮೇಲೆ ದಾವೆ ಹಾಕಿದ್ದೂ ಇದೇ ಪ್ರಶ್ನೆಗೆ. ಹೊರಬಂದ ಬೀಟ್ ಯಾವುದೋ ಹಾಡಿನ ಧಾಟಿಯನ್ನೇ ಹೊತ್ತಿದ್ದರೆ, ಯಂತ್ರ ಮಾಡಿತು ಎಂದ ಮಾತ್ರಕ್ಕೆ ಬಿಡುಗಡೆ ಮಾಡಿದ ನಿಮ್ಮ ಹೊಣೆ ತಪ್ಪುವುದಿಲ್ಲ. ಇನ್ನೊಂದು ಕಡೆಯಿಂದಲೂ ಪೆಟ್ಟಿದೆ. ಮನುಷ್ಯರ ಸೃಜನೆ ಇಲ್ಲದೆ ಪೂರ್ತಿ ಯಂತ್ರವೇ ಮಾಡಿದ್ದನ್ನು ಅಮೆರಿಕದ ಕಾಪಿರೈಟ್ ಕಚೇರಿ ನೋಂದಾಯಿಸುವುದಿಲ್ಲ, ಹಾಗಾಗಿ ಅದನ್ನು ಬೇರೆಯವರು ಎತ್ತಿಕೊಂಡರೆ ತಡೆಯಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಹೊಳಹು ಹುಡುಕಲು ಬಳಸಿ, ಬೇಡ ಎನ್ನುವುದಿಲ್ಲ. ಆದರೆ ಬಿಡುಗಡೆಗೆ ಹೋಗುವ ಧಾಟಿ, ಬೇಸ್‌ಲೈನ್, ಡ್ರಮ್ ಮೂರನ್ನೂ ನೀವೇ ಮತ್ತೆ ನುಡಿಸಿ, ಬದಲಿಸಿ, ಆ ಪ್ರಾಜೆಕ್ಟ್ ಫೈಲನ್ನು ಇಟ್ಟುಕೊಳ್ಳಿ.